ತಾಯಿಯ ಪಾಲು

ವೈನಾಡಿನ ಮಲೆಗಳಲ್ಲಿ ಮುಂಗಾರು ಬಲವಾಗಿ ಹಿಡಿದ ವರ್ಷಗಳಲ್ಲಿ ಕಬಿನಿಯ ಜಲಾಶಯವು ಆಷಾಢಮಾಸ ಮುಗಿಯುವುದಕ್ಕೆ ಮುಂಚೆಯೇ ತುಂಬಿಬಿಡುವುದುಂಟು. ತುಂಬಿದ ಸುದ್ದಿ ಹಬ್ಬಿದ ಕೆಲವು ದಿನಗಳಲ್ಲಿ ಬೀಚನಹಳ್ಳಿಯ ಕಟ್ಟೆಯ ಮೇಲೆ ಚಪ್ಪರವೇಳುವುದು; ರಾಜ್ಯದ ಮುಖ್ಯಮಂತ್ರಿಗಳಾದವರು ಬಂದು, ಮೊರದಲ್ಲಿ ಅರಿಸಿನ, ಕುಂಕುಮ, ಬಳೆ, ಕುಪ್ಪಸದ ಕಣ, ಧಾನ್ಯ, ಫಲಗಳನ್ನಿಟ್ಟು, ಮತ್ತೊಂದು ಮೊರದಿಂದ ಮುಚ್ಚಿ, ನೀರಿಗೆ ಬಿಡುವರು. ಬಾಗಿನವೆಂಬುದು ಪರಕೀಯರಿಗೆ ಕೊಡುವ ವಸ್ತುವಲ್ಲ. ಗೌರಿಯ ಹಬ್ಬದಲ್ಲಿ ತವರಿನವರು ಮಗಳಿಗೆ ಕೊಡುವರು, ಸುಮಂಗಲಿಯರು ಒಬ್ಬರಿಗೊಬ್ಬರು ಕೊಡುವರು. ಅದನ್ನು ನದಿಗೆ ಕೊಡುವುದರಲ್ಲಿ ನದಿಯು ಮನೆಯವಳೇ ಎಂಬ ಭಾವವು ಅಡಗಿದೆ. ಈ ಭಾವವನ್ನು ಹಾಸ್ಯಮಾಡತಕ್ಕವನು ಅರಸಿಕನೇ ಸರಿ. ಆದರೆ ಬಾಗಿನವು ಸಲ್ಲುವುದು ತುಂಬಿದ ಜಲಾಶಯಕ್ಕೆ. ಅದೇ ನದಿಯು ಫಾಲ್ಗುಣ ಚೈತ್ರಗಳ ಬಿಸಿಲಿನಲ್ಲಿ, ಕಟ್ಟೆಯಿಂದ ಕೆಳಗೆ, ಬಂಡೆಗಳ ಸಂದಿನಲ್ಲಿ ಎಳೆಯೆಳೆಯಾಗಿ ಹರಿಯುವಾಗ ಮೊರವನ್ನು ಹಿಡಿದು ಬರುವವರು ಯಾರೂ ಇಲ್ಲ. ಮನೆಯವಳಿಗೆ ಉಡಿ ತುಂಬುವುದು ಒಂದು. ಆಕೆಯ ಎಲೆಗೆ ಅನ್ನವನ್ನು ಬಡಿಸುವುದು ಇನ್ನೊಂದು. ಎರಡನೆಯದು ನಡೆಯುತ್ತಿದೆಯೆ ಎಂಬ ವಿಚಾರವನ್ನು ಮೊದಲನೆಯದರ ವೈಭವವು ಮರೆಯಿಸುವುದುಂಟು.

ಪುರಾಣಪ್ರಿಯರು ಕಪಿಲೆಯೆಂದೂ ಇಂಜಿನಿಯರುಗಳು ಕಬಿನಿಯೆಂದೂ ಕರೆಯುವ ಈ ಹೊಳೆ, ವೈನಾಡಿನಲ್ಲಿ ಮಾನಂದವಾಡಿಯ ಹೊಳೆ ಪನಮರದ ಹೊಳೆಗಳೆರಡೂ ಕೂಡಿ ಆದುದು. ಅಲ್ಲಿಂದ ಪೂರ್ವಾಭಿಮುಖವಾಗಿ ಹೆಗ್ಗಡದೇವನಕೋಟೆಯ ಕಾಡನ್ನು ಹೊಕ್ಕು, ಸರಗೂರಿನ ಸೀಮೆಯನ್ನೂ ನಂಜನಗೂಡನ್ನೂ ಹಾಯ್ದು, ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುವುದು. ಬೀಚನಹಳ್ಳಿ ಬಿದರಹಳ್ಳಿಗಳ ನಡುವೆ ಅದಕ್ಕೆ ಅಡ್ಡವಾಗಿ ಕಟ್ಟಿದ ಕಟ್ಟೆಯು ಪೂರ್ಣವಾದುದು 1974ರಲ್ಲಿ. ಜಲಾಶಯದ ಪೂರ್ಣಮಟ್ಟ ಸಮುದ್ರಕ್ಕಿಂತ 2284 ಅಡಿ. ಅದು ಹಿಡಿಯುವ ನೀರು 19.52 ಟಿ.ಎಂ.ಸಿ. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ ಎಂಬುದನ್ನು ಕಾವೇರಿಯ ವ್ಯಾಜ್ಯದ ದೆಸೆಯಿಂದ ಈ ನಾಡಿನ ಶಾಲೆಯ ಮಕ್ಕಳೂ ಬಲ್ಲರು.

ಅಂತರಸಂತೆಯಿಂದ ದಕ್ಷಿಣಕ್ಕೆ ಹೋಗಿ ಬೇಸಗೆಯಲ್ಲಿ ಆ ಹಿನ್ನೀರನ್ನು ನೋಡಿದವರು ಒಂದು ವಿಚಿತ್ರವಾದ ದೃಶ್ಯವನ್ನು ಕಾಣುವರು. ನೀರು ಇಳಿದಂತೆಲ್ಲ ತಳದ ನೆಲವು ಹೊರಬೀಳುವುದು. ತೇವ ಆರದ ಆ ನೆಲದ ಮೇಲೆ, ಸುತ್ತಲಿನ ಕಾಡೆಲ್ಲ ಒಣಗಿ ನಿಂತಿರುವ ಕಾಲದಲ್ಲಿ, ಹಸುರು ಹುಲ್ಲು ಚಿಗುರುವುದು. ಆ ಹುಲ್ಲಿಗಾಗಿ ನಾಗರಹೊಳೆ ಬಂಡೀಪುರಗಳ ಕಾಡಿನಿಂದಲೂ ವೈನಾಡಿನಿಂದಲೂ ಆನೆಗಳು ಹಿಂಡುಹಿಂಡಾಗಿ ಇಳಿಯುವುವು. ಏಷ್ಯಾಖಂಡದಲ್ಲಿ ಕಾಡಾನೆಗಳು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಒಂದೆಡೆ ಕೂಡುವ ಸ್ಥಳಗಳು ಬಹಳ ವಿರಳ. ಇದೇ ಕಾಕನಕೋಟೆಯ ನದೀತೀರದಲ್ಲಿ, ಹೊಳೆಯನ್ನು ಹಾಯಿಸಿ ಆನೆಗಳನ್ನು ಕೆಡವಿ ಹಿಡಿಯುವ ಖೆಡ್ಡಾ ನಡೆಯುತ್ತಿದ್ದಿತು. ಕಡೆಯದು ನಡೆದುದು 1971ರಲ್ಲಿ. ಹಿಡಿಯುವ ಆಟ ನಿಂತ ಮೂರು ವರ್ಷಗಳಿಗೆ ಆಟದ ಬಯಲೇ ನೀರಿನ ಪಾಲಾಯಿತು. ಆ ನೀರು ಸರಿದ ಜಾಗದಲ್ಲಿ ಆನೆಗಳು ಈಗ ನಿರ್ಭಯವಾಗಿ ಮೇಯುತ್ತಿರುವುವು. ನದಿಯನ್ನು ಅದರ ಮೊದಲಿನ ಸ್ಥಿತಿಗೆ ತರಬೇಕೆಂದು ಸುಲಭವಾಗಿ ಹೇಳುವವರು ಈ ಹುಲ್ಲುಗಾವಲಿನ ಮುಂದೆ ಸ್ವಲ್ಪ ಹೊತ್ತು ನಿಲ್ಲುವುದು ಒಳ್ಳೆಯದು. ಯಾವುದು ಮೊದಲಿನ ಸ್ಥಿತಿ? ಆನೆಗೆ ಹುಲ್ಲನ್ನು ಕೊಟ್ಟುದು ಮನುಷ್ಯನ ಕಟ್ಟೆಯೇ. ಹೊಳೆದಡದ ಕಾಡನ್ನೂ ಅನೇಕ ಹಳ್ಳಿಗಳನ್ನೂ ಅವುಗಳ ಗುಡಿ ಗದ್ದೆಗಳನ್ನೂ ನುಂಗಿದುದೂ ಅದೇ ಕಟ್ಟೆ.

ಆದುದರಿಂದ ಇಲ್ಲಿ ವಿಚಾರಮಾಡತಕ್ಕ ಪ್ರಶ್ನೆ ಕಾಲವನ್ನು ಹಿಂದಕ್ಕೆ ತಿರುಗಿಸುವುದಲ್ಲ. ಕಟ್ಟೆಯಿದೆ, ಇರುವುದು, ಅದರ ನೀರನ್ನು ನಂಬಿದ ಗದ್ದೆಗಳಿವೆ, ಊರುಗಳಿವೆ, ಮೈಸೂರಿನ ಮನೆಗಳ ಕುಡಿಯುವ ನೀರಿನಲ್ಲಿಯೂ ಒಂದು ಭಾಗವು ಕಪಿಲೆಯದೇ. ಪ್ರಶ್ನೆಯೇನೆಂದರೆ, ಹೊಳೆಯ ನೀರನ್ನು ಹಂಚುವಾಗ ಹೊಳೆಗೂ ಒಂದು ಪಾಲುಂಟೆ? ಉಂಟಾದರೆ ಅದು ಯಾವ ಬಗೆಯ ಪಾಲು?

ನದಿಯನ್ನು ತಾಯಿಯೆಂದು ಕರೆಯುವುದು ಈ ದೇಶದ ವಾಡಿಕೆ. ತಾಯಿಯೆಂದ ಮೇಲೆ ಆಕೆಗೆ ಕೊರತೆಯಾಗಲು ಬಿಡುವವರುಂಟೆ ಎಂದು ಹೊರಗಿನವನಿಗೆ ತೋರಬಹುದು. ಆದರೆ ಹಳೆಯ ಕಾಲದ ದೊಡ್ಡ ಮನೆಗಳ ಅಡಿಗೆಯ ಕೋಣೆಯನ್ನು ಬಲ್ಲವರಿಗೆ ಹಾಗೆ ತೋರದು. ಗಂಡಸರದೂ ಮಕ್ಕಳದೂ ಅತಿಥಿಗಳದೂ ಊಟವಾಗಿ, ಆಳುಕಾಳುಗಳಿಗೆ ಕೊಟ್ಟು, ಕಡೆಗೆ ಪಾತ್ರೆಯ ತಳದಲ್ಲಿ ಏನುಳಿಯಿತೋ ಅದನ್ನು ಉಣ್ಣತಕ್ಕವಳೇ ತಾಯಿ. ಅನ್ನ ಸಾಲದೆ ಹೋದ ದಿನ ಆಕೆ ಮಜ್ಜಿಗೆಯನ್ನು ಕುಡಿದು, ಹಸಿವಿಲ್ಲವೆಂದು ಹೇಳಿ ಏಳುವಳು. ಮಕ್ಕಳು ಅದನ್ನು ತಾಯಿಯ ಪ್ರೀತಿಯೆಂದು ಹೊಗಳುವರು. ಅದು ಪ್ರೀತಿಯೂ ಹೌದು. ಆ ಹೊಗಳಿಕೆಯ ಬಲದಿಂದಲೇ ಆಕೆಯ ಎಲೆಯನ್ನು ನೋಡುವ ಕೆಲಸವು ತಪ್ಪಿಹೋಗುವುದು ಎಂಬುದೂ ಅಷ್ಟೇ ನಿಜ. ಕಾವೇರಿಯನ್ನೂ ಕಪಿಲೆಯನ್ನೂ ತಾಯಿಯೆಂದು ಕರೆದುದರಿಂದ ಅವುಗಳಿಗೆ ಬಂದ ಗೌರವ ಎಷ್ಟೋ, ಈ ಬಗೆಯ ಮರೆವೂ ಅಷ್ಟೇ ಬಂದಿತೆಂದರೆ ಅತಿಶಯೋಕ್ತಿಯಾಗಲಾರದು.

ಕಾವೇರಿಯ ನೀರಿನ ವಿಷಯದಲ್ಲಿ ಮೈಸೂರಿಗೂ ಮದರಾಸಿಗೂ 1892ರಲ್ಲಿ ಒಂದು ಒಪ್ಪಂದವೂ 1924ರಲ್ಲಿ ಇನ್ನೊಂದೂ ಆದುವು. ಅವುಗಳ ಚಿಂತೆಯೆಲ್ಲವೂ ಬೇಸಾಯದ ನೀರನ್ನು ಕುರಿತುದು. ಬಹುಕಾಲದ ವ್ಯಾಜ್ಯದ ಮೇಲೆ, 2007ನೆಯ ಇಸವಿ ಫೆಬ್ರವರಿ 5ರಂದು ಕಾವೇರಿ ನ್ಯಾಯಾಧಿಕರಣವು ತನ್ನ ಕಡೆಯ ತೀರ್ಪನ್ನು ಕೊಟ್ಟಿತು. ಸಾಧಾರಣವಾದ ಒಂದು ವರ್ಷದಲ್ಲಿ ಕಾವೇರಿಯ ಸಮಸ್ತ ಕೊಳ್ಳದಲ್ಲಿ ದೊರೆಯುವ ನೀರು 740 ಟಿ.ಎಂ.ಸಿ. ಎಂದು ಗೊತ್ತುಮಾಡಿ, ತಮಿಳುನಾಡಿಗೆ 419, ಕರ್ನಾಟಕಕ್ಕೆ 270, ಕೇರಳಕ್ಕೆ 30, ಪುದುಚೇರಿಗೆ 7 ಎಂದು ಹಂಚಿತು. ಉಳಿದುದರಲ್ಲಿ 10 ಟಿ.ಎಂ.ಸಿ.ಯನ್ನು ಪರಿಸರದ ರಕ್ಷಣೆಗೆಂದೂ, 4 ಟಿ.ಎಂ.ಸಿ.ಯನ್ನು ಸಮುದ್ರಕ್ಕೆ ಅನಿವಾರ್ಯವಾಗಿ ತಪ್ಪಿಹೋಗತಕ್ಕ ನೀರೆಂದೂ ಎತ್ತಿಟ್ಟಿತು. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟು ಕರ್ನಾಟಕದ ಪಾಲನ್ನು 284.75ಕ್ಕೆ ಏರಿಸಿ, ತಮಿಳುನಾಡಿನದನ್ನು ಅಷ್ಟೇ ಇಳಿಸಿತು. ಆ ಹತ್ತು ಮಾತ್ರ ಹತ್ತಾಗಿಯೇ ಉಳಿಯಿತು.

ಎಪ್ಪತ್ತನಾಲ್ಕು ತುತ್ತುಗಳಲ್ಲಿ ಒಂದು ತುತ್ತು. ಆದರೂ ನ್ಯಾಯಾಧಿಕರಣವನ್ನು ಇದಕ್ಕಾಗಿ ಹಳಿಯುವುದು ನ್ಯಾಯವಲ್ಲ. ಇಬ್ಬರು ಅಣ್ಣತಮ್ಮಂದಿರು ಬಡಿದಾಡುತ್ತಿದ್ದ ಮನೆಯಲ್ಲಿ, ಇಬ್ಬರ ವಕೀಲರೂ ಎತ್ತದೆ ಇದ್ದ ಎಲೆಯೊಂದನ್ನು ನೆನೆದು, ಅದರ ಮುಂದೆ ಒಂದು ಸಂಖ್ಯೆಯನ್ನು ಬರೆದುದೇ ದೊಡ್ಡದು. ಮನಸ್ಸನ್ನು ಚುಚ್ಚತಕ್ಕದ್ದು ಆ ಹತ್ತಕ್ಕಿಂತಲೂ ನಾಲ್ಕರ ಮೇಲಣ ಮಾತು. ಸಮುದ್ರವನ್ನು ಸೇರುವ ನೀರು ತಪ್ಪಿಹೋದ ನೀರಂತೆ! ಸಮುದ್ರವನ್ನು ಸೇರುವುದು ನದಿಯ ಸ್ವಧರ್ಮವೆಂದು ಕಾವ್ಯಗಳೆಲ್ಲ ಹಾಡಿದ ನಾಡಿನಲ್ಲಿ, ಲೆಕ್ಕದ ಪುಸ್ತಕದ ಕಣ್ಣಿಗೆ ಅದು ಬೇಲಿ ಹಾರಿದ ದನದಂತೆ ಕಾಣುವುದು. ಸಭೆಗಳಲ್ಲಿ ‘ನೀರು ವ್ಯರ್ಥವಾಗಿ ಹೊಳೆಯ ಪಾಲಾಯಿತು’ ಎಂದು ಮರುಗುವ ಮಾತೂ ಇದೇ ಜಾತಿಯದು. ಹೊಳೆಯ ನೀರು ಹೊಳೆಯ ಪಾಲಾದುದರಲ್ಲಿ ವ್ಯರ್ಥವೇನೆಂದು ಯಾರೂ ಕೇಳುವುದಿಲ್ಲ.

ತಾಯಿಯ ಪಾಲಿನ ಪ್ರಶ್ನೆ ಕನ್ನಡ ನಾಡಿಗೆ ಹೊಸದಲ್ಲ. ಚಾಳುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ‘ಮಿತಾಕ್ಷರಾ’ ವ್ಯಾಖ್ಯಾನವು ಭರತಖಂಡದ ಬಹುಭಾಗಕ್ಕೆ ದಾಯಭಾಗದ ಪ್ರಮಾಣಗ್ರಂಥವಾದುದು ವಾಚಕರಿಗೆ ತಿಳಿದ ವಿಷಯ. ತಂದೆಯು ತೀರಿಕೊಂಡ ಮೇಲೆ ಮಕ್ಕಳು ಆಸ್ತಿಯನ್ನು ಹಂಚಿಕೊಂಡರೆ ತಾಯಿಯೂ ಸಮವಾದ ಅಂಶವನ್ನು ತೆಗೆದುಕೊಳ್ಳತಕ್ಕದ್ದೆಂದು ಸ್ಮೃತಿಯು ವಿಧಿಸುವುದು. ಇದಕ್ಕೆ ಕೆಲವರು ಒಂದು ಅರ್ಥವನ್ನು ಮಾಡುತ್ತಿದ್ದರು: ತಾಯಿಗೆ ನಿಜವಾಗಿ ಅಂಶವಿಲ್ಲ, ಜೀವನಕ್ಕೆ ಬೇಕಾದಷ್ಟು ದ್ರವ್ಯವನ್ನು ಕೊಟ್ಟರೆ ಸಾಕು ಎಂದು. ವಿಜ್ಞಾನೇಶ್ವರನು ಈ ಮತವನ್ನು ಎತ್ತಿಕೊಂಡು, ಅದು ಸರಿಯಲ್ಲವೆಂದು ನಿರಾಕರಿಸುವನು. ಆತನು ಕೊಡುವ ಕಾರಣವು ಬಹು ಸರಳವಾದುದು. ಜೀವನಕ್ಕೆ ಸಾಲುವಷ್ಟನ್ನೇ ಕೊಡುವುದಾದರೆ ‘ಅಂಶ’ ಎಂಬ ಶಬ್ದಕ್ಕೂ ‘ಸಮ’ ಎಂಬ ಶಬ್ದಕ್ಕೂ ಅರ್ಥವೇ ಇಲ್ಲವಾಗುವುದು. ವೈಯಾಕರಣನ ವಾದದಂತೆ ಕಾಣುವ ಈ ಮಾತಿನಲ್ಲಿ ಎಷ್ಟು ದೊಡ್ಡ ಧರ್ಮಸೂಕ್ಷ್ಮವಿದೆ!

ಜೀವನಾಂಶಕ್ಕೂ ಪಾಲಿಗೂ ಇರುವ ಭೇದವನ್ನು ವ್ಯವಹಾರಸ್ಥರು ಬಲ್ಲರು. ಜೀವನಾಂಶವನ್ನು ಕೊಡುವವನು ಒಡೆಯ, ಪಡೆಯುವವಳು ಆಶ್ರಿತೆ. ಎಷ್ಟು ಕೊಟ್ಟರೆ ಪ್ರಾಣ ಹೋಗದು ಎಂಬುದೇ ಅಲ್ಲಿಯ ಅಳತೆ. ಮನೆಯ ಐಶ್ವರ್ಯವು ಹತ್ತುಪಾಲು ಹೆಚ್ಚಿದರೂ ಮುದುಕಿಯ ಹೊಟ್ಟೆ ಹೆಚ್ಚುವುದಿಲ್ಲವಷ್ಟೆ ಎಂಬುದು ಅಲ್ಲಿಯ ತರ್ಕ. ಪಾಲು ಹಾಗಲ್ಲ. ಪಾಲುಳ್ಳವಳು ಹಂಚುವುದಕ್ಕೆ ಮುಂಚೆಯೇ ಲೆಕ್ಕದಲ್ಲಿರುವಳು. ಮನೆ ಬೆಳೆದರೆ ಆಕೆಯದೂ ಬೆಳೆಯುವುದು, ಮನೆ ಬಡವಾದರೆ ಆಕೆಯದೂ ಬಡವಾಗುವುದು. ಆದರೆ ಬಡತನ ಬಂದೊಡನೆ ಮೊಟ್ಟಮೊದಲು ಆಕೆಯದನ್ನು ಕಿತ್ತುಕೊಳ್ಳುವಂತಿಲ್ಲ. ದಕ್ಷಿಣದೇಶದಲ್ಲಿ ಕಾಲಕ್ರಮದಿಂದ ಈ ಪಾಲು ಬಳಕೆ ತಪ್ಪಿ, ಜೀವನಾಂಶವೊಂದೇ ಉಳಿದಿದ್ದಿತು; ಮೈಸೂರು ಸಂಸ್ಥಾನವು 1933ರಲ್ಲಿ ಹಿಂದೂ ಸ್ತ್ರೀಯರ ಹಕ್ಕುಗಳ ಕಾನೂನನ್ನು ಮಾಡಿ ತಾಯಿಯ ಪಾಲನ್ನು ಮತ್ತೆ ವ್ಯವಹಾರಕ್ಕೆ ತಂದಿತು. ಕಳೆದುಹೋದ ಹಕ್ಕನ್ನು ಮರಳಿ ಕೊಡುವುದು ಈ ಸೀಮೆಯವರಿಗೆ ಅಭ್ಯಾಸವಿಲ್ಲದ ಕಾರ್ಯವೇನೂ ಅಲ್ಲ.

ಈಗಿನ ಕಾಲದಲ್ಲಿ ನದಿಗಳ ವಿಷಯವಾಗಿ ‘ಕನಿಷ್ಠ ಹರಿವು’ ಎಂಬ ಮಾತು ಪ್ರಚಾರದಲ್ಲಿದೆ. ಅಣೆಕಟ್ಟಿನ ಕೆಳಗೆ ನದಿಯು ಪೂರಾ ಒಣಗದಂತೆ ಇಷ್ಟು ನೀರನ್ನು ಬಿಡತಕ್ಕದ್ದೆಂಬ ನಿಯಮವೇ ಅದು. ಅದಿಲ್ಲದುದಕ್ಕಿಂತ ಅದಿರುವುದು ಎಷ್ಟೋ ಮೇಲು. ಆದರೂ ಅದು ಜೀವನಾಂಶವೇ ಹೊರತು ಪಾಲಲ್ಲ. ಏಕೆಂದರೆ ನದಿಯ ಜೀವನವೆಂಬುದು ನೀರಿನ ಮೊತ್ತವೊಂದರಿಂದಲೇ ನಡೆಯುವುದಲ್ಲ. ಅದು ಋತುಗಳನ್ನು ಅನುಸರಿಸುವುದು. ಆಷಾಢದಲ್ಲಿ ಹೊಳೆ ಕೆಂಪಾಗಿ ಏರಬೇಕು. ಆ ಏರುವಿಕೆಯೇ ಮೀನುಗಳಿಗೆ ಕರೆ. ದೊಡ್ಡ ಹೊಳೆಯ ಮಡುಗಳನ್ನು ಬಿಟ್ಟು ಅವು ಪ್ರವಾಹಕ್ಕೆ ಎದುರಾಗಿ ಉಪನದಿಗಳನ್ನು ಹತ್ತಿ, ತೊಳೆದ ಗರಸುಕಲ್ಲಿನ ಮೇಲೆ ಮೊಟ್ಟೆಯಿಡುವುವು. ಪ್ರವಾಹವು ದಡವನ್ನು ಮೀರಿ ತಗ್ಗುಗಳಿಗೆ ನುಗ್ಗಬೇಕು; ಹೊಸ ಮಣ್ಣು ಬೀಳುವುದೂ ಅಂತರ್ಜಲ ಏರುವುದೂ ಆಗ. ಬಳಿಕ ನೀರು ಮೆಲ್ಲಮೆಲ್ಲನೆ ಇಳಿಯಬೇಕು. ಬೇಸಗೆಯಲ್ಲಿ ಮರಳಿನ ದಿಬ್ಬಗಳು ತೋರಬೇಕು. ಮೊಸಳೆಯೂ ಆಮೆಯೂ ಮೊಟ್ಟೆಯಿಡುವುದು ಅಲ್ಲಿ. ಆ ದಿಬ್ಬಗಳ ನಡುವೆ ಒಂದು ತೆಳುವಾದ ಧಾರೆ ಹರಿಯುತ್ತಲೇ ಇರಬೇಕು. ಕಟ್ಟೆಯು ಈ ಲಯವನ್ನು ತಲೆಕೆಳಗುಮಾಡುವುದು. ತುಂಬಬೇಕಾದ ಕಾಲದಲ್ಲಿ ನೀರನ್ನು ಹಿಡಿಯುವುದು, ಶಾಂತವಾಗಿರಬೇಕಾದ ಕಾಲದಲ್ಲಿ ಗದ್ದೆಯ ಅವಸರಕ್ಕೆ ತಕ್ಕಂತೆ ಬಿಡುವುದು. ಹಿಡಿಯಲಾರದಷ್ಟು ನೀರು ಬಂದಾಗ ಒಮ್ಮೆಲೇ ಬಾಗಿಲು ತೆರೆಯುವುದು. 2018ರಲ್ಲಿಯೂ 2019ರಲ್ಲಿಯೂ ಆಗಸ್ಟ್ ತಿಂಗಳಿನಲ್ಲಿ ನಂಜನಗೂಡಿನ ತಗ್ಗಿನ ಬೀದಿಗಳಿಗೆ ಕಪಿಲೆ ನುಗ್ಗಿದುದನ್ನು ಅಲ್ಲಿಯವರು ಮರೆತಿರಲಾರರು.

ಇನ್ನೊಂದು ಸಂಗತಿಯು ಇದಕ್ಕಿಂತ ಗೂಢವಾದುದು. ಹೊಳೆಯು ತರುವ ಮರಳೂ ಮೆಕ್ಕಲೂ ಜಲಾಶಯದ ತಳದಲ್ಲಿ ಕೂತುಬಿಡುವುವು. ಕೆಳಗೆ ಬಿಟ್ಟ ನೀರು ತಿಳಿಯಾಗಿರುವುದು. ನೋಡುವವರ ಕಣ್ಣಿಗೆ ತಿಳಿನೀರು ಶುದ್ಧವೆನ್ನಿಸಿದರೂ, ಹೊರುವ ಭಾರವಿಲ್ಲದ ಆ ನೀರು ತನ್ನ ಪಾತ್ರವನ್ನೂ ದಡವನ್ನೂ ಕೊರೆದು ತಿನ್ನುವುದು. ನದಿಶಾಸ್ತ್ರಜ್ಞರು ಇದಕ್ಕೆ ‘ಹಸಿದ ನೀರು’ ಎಂದೇ ಹೆಸರಿಟ್ಟಿರುವರು. ಶಾಸ್ತ್ರಜ್ಞರಿಗೂ ಒಮ್ಮೊಮ್ಮೆ ಕವಿಗಳ ಕಣ್ಣು ಬರುವುದುಂಟು. ಅದು ತಿಂದು ಉಳಿಸಿದ ಮರಳನ್ನು ಲಾರಿಗಳು ಒಯ್ಯುವುವು. ಈ ಪುಟಗಳನ್ನು ಓದುವವರ ಮನೆಯ ಗೋಡೆಗಳಲ್ಲಿ ಎಷ್ಟು ಮೊಸಳೆಯ ಗೂಡುಗಳು ಅಡಗಿವೆಯೋ!

ಪಾಲು ಎಂಬುದನ್ನು ತಿಳಿಯದೆ ಕೊಟ್ಟ ಉಪಚಾರವು ಹೇಗೆ ಅಪಕಾರವಾಗುವುದೆಂಬುದಕ್ಕೆ ಕಾವೇರಿಯ ಬಿಳಿಮೀನಿನ ಕಥೆಯೇ ಸಾಕ್ಷಿ. ಮಹಸೀರ್ ಎಂದು ಜಗತ್ತೆಲ್ಲ ಕರೆಯುವ ಈ ಮೀನಿನಲ್ಲಿ ಹಲವು ಜಾತಿಗಳುಂಟು. ಅವುಗಳಲ್ಲಿ ಬೆನ್ನು ಡುಬ್ಬಾಗಿ ರೆಕ್ಕೆ ಕಿತ್ತಿಳೆಯ ಬಣ್ಣವಾಗಿರುವ ಜಾತಿಯು ಕಾವೇರಿಯ ಕೊಳ್ಳಕ್ಕೇ ಮೀಸಲಾದುದು. ಎಲ್ಲಕ್ಕೂ ದೊಡ್ಡದಾಗಿ ಬೆಳೆಯುವುದೂ ಅದೇ. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಮನೆತನದ ಡೆ ವೆಟ್ ವಾನ್ ಇಂಗೆನ್ನರು ಕಬಿನಿಯಲ್ಲಿ ಗಾಳದಿಂದ ಹಿಡಿದ ಮೀನು 120 ಪೌಂಡು ತೂಗಿತು. ಒಬ್ಬ ದೊಡ್ಡ ಆಳಿನಷ್ಟು ತೂಕದ ಮೀನು ವಾಸಮಾಡುತ್ತಿದ್ದ ಮಡುಗಳು ಈ ಹೊಳೆಯಲ್ಲಿದ್ದುವೆಂದು ಈಗಿನ ಹುಡುಗರಿಗೆ ಹೇಳಿದರೆ ಅಜ್ಜಿಯ ಕಥೆಯೆಂದುಕೊಳ್ಳುವರು.

ಅಣೆಕಟ್ಟು, ಸಿಡಿಮದ್ದು, ವಿಷ, ಕೊಳಚೆಗಳಿಂದ ಮಹಸೀರ್ ಕುಂದುತ್ತಿರುವುದನ್ನು ಕಂಡು ಸಜ್ಜನರು ಮರುಗಿದರು. ಮರುಕವು ಕಾರ್ಯಕ್ಕೂ ಇಳಿಯಿತು. ಮಹಾರಾಷ್ಟ್ರದ ಲೋಣಾವಳದಲ್ಲಿ ಮಹಸೀರ್ ಮರಿಗಳನ್ನು ಸಾಕುವ ವಿದ್ಯೆಯು ಸಿದ್ಧಿಸಿದ್ದಿತು. 1970ರ ದಶಕದಿಂದ ಈಚೆಗೆ ಅಲ್ಲಿಯ ಮರಿಗಳು ದೇಶದ ಹಲವು ನದಿಗಳಿಗೆ ಹೋದುವು, ಕಾವೇರಿಗೂ ಬಂದುವು. ಬಂದುವು ನೀಲಿರೆಕ್ಕೆಯ ಬೇರೊಂದು ಜಾತಿಯವು. ಅವು ಹೊಸ ನೀರಿನಲ್ಲಿ ಚೆನ್ನಾಗಿ ಹೆಚ್ಚಿದುವು. ಮನೆಯವರಾದ ಕಿತ್ತಿಳೆರೆಕ್ಕೆಯವು ಮತ್ತಷ್ಟು ಬೇಗನೆ ಮರೆಯಾದುವು. ಇನ್ನೂ ವಿಷಾದಕರವಾದುದೇನೆಂದರೆ, ಕಾವೇರಿಯ ಈ ಮೀನಿಗೆ ಆಗ ನಿಶ್ಚಿತವಾದ ಶಾಸ್ತ್ರೀಯ ನಾಮವೇ ಇರಲಿಲ್ಲ. ಕೇರಳದ ಪಾಂಬಾರ್ ಹೊಳೆಯಲ್ಲಿ ದೊರೆತು 2007ರಲ್ಲಿ ‘ಟಾರ್ ರೆಮದೇವಿ’ ಎಂದು ಹೆಸರಿಸಲ್ಪಟ್ಟ ಮೀನೇ ಇದು ಎಂದು ಪಂಡಿತರು ತೀರ್ಮಾನಿಸಿದುದು 2018ರಲ್ಲಿ. ಅದೇ ವರ್ಷ ಅದು ವಿನಾಶದ ಅಂಚಿನಲ್ಲಿರುವ ಪ್ರಾಣಿಗಳ ಪಟ್ಟಿಗೂ ಸೇರಿತು. ನಾಮಕರಣವೂ ಮೃತ್ಯುಯೋಗವೂ ಒಂದೇ ವರ್ಷದಲ್ಲಿ ಬಂದ ಕೂಸು! ಇಲ್ಲಿ ದುಷ್ಟರಾರೂ ಇಲ್ಲ. ಮರಿಗಳನ್ನು ಬಿಟ್ಟವರು ನದಿಗೆ ಒಳ್ಳೆಯದನ್ನೇ ಬಯಸಿದರು. ಆದರೆ ಅವರು ನದಿಗೆ ಕೊಟ್ಟುದು ತಮ್ಮಲ್ಲಿ ಇದ್ದುದನ್ನು. ನದಿಗೆ ಬೇಕಾದುದೇನೆಂಬುದನ್ನು ನದಿಯಲ್ಲಿ ಹುಡುಕಲಿಲ್ಲ. ಮೀನನ್ನು ತಂದು ಬಿಡುವುದು ಒಂದು ದಿನದ ಸಮಾರಂಭದಿಂದ ಆಗುವುದು. ಮೀನು ತಾನಾಗಿ ಹತ್ತಿಬರುವಂತೆ ಗರಸಿನ ಹಾಸನ್ನೂ ಆಷಾಢದ ಪ್ರವಾಹವನ್ನೂ ಬಿಟ್ಟುಕೊಡುವುದಕ್ಕೆ ಸಮಾರಂಭವೂ ಸಾಲದು, ಛಾಯಾಚಿತ್ರವೂ ಬಾರದು.

ಇಷ್ಟು ಹೇಳಿದ ಮೇಲೆ, ಬಹು ಬಲವಾದ ಆಕ್ಷೇಪಣೆಯೊಂದು ಉಳಿಯುವುದು. ಅದನ್ನು ಮೃದುಮಾತಿನಿಂದ ದಾಟಿಹೋಗಬಾರದು. ಮಳೆ ತಪ್ಪಿದ ವರ್ಷದಲ್ಲಿ, ಪೈರು ಒಣಗುತ್ತಿರುವಾಗ, ಮೀನಿಗಾಗಿ ನೀರನ್ನು ಬಿಡಿ ಎಂದು ರೈತನಿಗೆ ಹೇಳುವ ಧೈರ್ಯ ಯಾರಿಗುಂಟು? ಕಾವೇರಿಯ ನೀರಿಗಾಗಿ 1991ರಲ್ಲಿಯೂ 2016ರಲ್ಲಿಯೂ ಬೆಂಕಿಯೆದ್ದ ರಾಜ್ಯವಿದು. ಹೆಗ್ಗಡದೇವನಕೋಟೆಯ ಸೀಮೆಯಲ್ಲಿ ಈ ಪ್ರಶ್ನೆಗೆ ಇನ್ನೂ ಒಂದು ಮೊನೆಯಿದೆ. ಕಬಿನಿ, ನುಗು, ತಾರಕ, ಹೆಬ್ಬಳ್ಳ ಎಂದು ನಾಲ್ಕು ಹೊಳೆಗಳಿಗೆ ಇಲ್ಲಿ ಕಟ್ಟೆಗಳಾದುವು. ಆದರೂ ಅಂತರಸಂತೆಯ ಸುತ್ತಿನ ಎತ್ತರದ ಹೊಲಗಳಲ್ಲಿ ರಾಗಿಯೂ ಹತ್ತಿಯೂ ಬಹುಮಟ್ಟಿಗೆ ಆಕಾಶವನ್ನೇ ನಂಬಿರುವುವು. ನೀರು ಕಣ್ಣಿಗೆ ಕಾಣುವಷ್ಟು ದೂರದಲ್ಲಿ ನಿಂತು, ಕಾಲುವೆಯ ಮೂಲಕ ದೂರದ ಗದ್ದೆಗಳಿಗೆ ಹೋಗುವುದು. ಜೇನುಕುರುಬರು, ಕಾಡುಕುರುಬರು, ಯರವರು ಮೊದಲಾದ ಕಾಡಿನ ಜನರ ಅವಸ್ಥೆ ಇನ್ನೂ ಕಠಿನ. ನೀರು ಏರಿತೆಂದು ಒಮ್ಮೆ ಎದ್ದರು. ಕಾಡನ್ನೂ ಹುಲಿಯನ್ನೂ ಉಳಿಸಬೇಕೆಂದು ಮತ್ತೊಮ್ಮೆ ಎಬ್ಬಿಸಲ್ಪಟ್ಟರು. ಪಟ್ಟಣದ ದೀಪಕ್ಕೂ ಬಯಲಿನ ಬತ್ತಕ್ಕೂ ಪ್ರಕೃತಿಯ ರಕ್ಷಣೆಗೂ, ಮೂರಕ್ಕೂ ಬೆಲೆ ತೆತ್ತವರು ಒಬ್ಬರೇ. ಈಗ ನದಿಯ ಪಾಲೆಂಬ ನಾಲ್ಕನೆಯ ಧರ್ಮವನ್ನು ಹೇಳುವವರು, ಅದರ ವೆಚ್ಚವನ್ನೂ ಇವರ ಲೆಕ್ಕಕ್ಕೇ ಬರೆದರೆ, ಆ ಧರ್ಮವು ಧರ್ಮವಲ್ಲ.

ಈ ಆಕ್ಷೇಪಣೆಗೆ ಪೂರ್ಣವಾದ ಸಮಾಧಾನವಿಲ್ಲ. ಇರುವಷ್ಟು ಸಮಾಧಾನವು ಪಾಲೆಂಬ ಶಬ್ದದಲ್ಲಿಯೇ ಇದೆ. ತಾಯಿಯ ಪಾಲನ್ನು ಅತಿ ಬಡವನಾದ ಮಗನ ಎಲೆಯಿಂದ ಎತ್ತಿಕೊಡಬೇಕೆಂದು ಯಾವ ಸ್ಮೃತಿಕಾರನೂ ಹೇಳಿಲ್ಲ. ಹಂಚುವುದಕ್ಕೆ ಮುಂಚೆ ಒಟ್ಟು ಆಸ್ತಿಯಿಂದ ಅದನ್ನು ತೆಗೆಯಬೇಕು. ಹಾಗೆ ತೆಗೆದಾಗ ಭಾರವು ಹೆಚ್ಚು ಪಡೆದವನ ಮೇಲೆ ಹೆಚ್ಚಾಗಿ ಬೀಳುವುದು. ಬೇಸಗೆಯ ಎರಡನೆಯ ಬತ್ತ, ಕಬ್ಬಿನ ವಿಸ್ತಾರ, ಹೂಳು ತುಂಬಿದ ಕಾಲುವೆಯಲ್ಲಿ ಇಂಗಿಹೋಗುವ ನೀರು, ನಗರಗಳ ಕೊಳಾಯಿಯಲ್ಲಿ ಸೋರುವ ನೀರು ಇವನ್ನೆಲ್ಲ ದಾಟಿದ ಮೇಲಲ್ಲವೆ ಬಡವನ ರಾಗಿಯ ಸರದಿ ಬರಬೇಕಾದುದು? ಕ್ಷಾಮದ ವರ್ಷದಲ್ಲಿ ರಾಜ್ಯಗಳ ಪಾಲುಗಳೆಲ್ಲ ಒಂದೇ ಪ್ರಮಾಣದಲ್ಲಿ ಕುಗ್ಗಬೇಕೆಂದು ನ್ಯಾಯಸ್ಥಾನಗಳು ಒಪ್ಪಿರುವುವು. ನದಿಯದೂ ಆ ಪ್ರಮಾಣದಲ್ಲಿಯೇ ಕುಗ್ಗಲಿ. ಇಲ್ಲರ ಪಾಲೂ ಇರುವಾಗ ಆಕೆಯದೊಂದು ಮಾತ್ರ ಸೊನ್ನೆಯಾಗುವುದೇ ಅನ್ಯಾಯ.

ತನ್ನ ಪಾಲನ್ನು ಕೇಳುವುದಕ್ಕೆ ನದಿಗೆ ಬಾಯಿಲ್ಲವಲ್ಲ ಎಂದರೆ, ಅದಕ್ಕೂ ಲೋಕದಲ್ಲಿ ಯತ್ನಗಳು ನಡೆದಿವೆ. ನ್ಯೂಜಿಲೆಂಡಿನವರು 2017ರಲ್ಲಿ ವಾಂಗನುಯಿ ನದಿಗೆ ಕಾನೂನಿನಲ್ಲಿ ವ್ಯಕ್ತಿತ್ವವನ್ನು ಕೊಟ್ಟು, ಅದರ ಪರವಾಗಿ ಮಾತಾಡುವುದಕ್ಕೆ ಸರಕಾರದಿಂದ ಒಬ್ಬರನ್ನೂ ತೀರದ ಮಾವೊರಿ ಜನರಿಂದ ಒಬ್ಬರನ್ನೂ ನೇಮಿಸುವ ಏರ್ಪಾಡನ್ನು ಮಾಡಿದರು. ಅದೇ ವರ್ಷ ಉತ್ತರಾಖಂಡದ ಉಚ್ಚ ನ್ಯಾಯಾಲಯವು ಗಂಗಾಯಮುನೆಗಳನ್ನು ವ್ಯಕ್ತಿಗಳೆಂದು ಸಾರಿತು. ನದಿಯು ಉಕ್ಕಿ ನಷ್ಟವಾದರೆ ಪರಿಹಾರವನ್ನು ಕೊಡತಕ್ಕವರಾರೆಂದು ಆ ರಾಜ್ಯದ ಸರಕಾರವೇ ಸುಪ್ರೀಂ ಕೋರ್ಟಿಗೆ ಹೋಯಿತು. ಕೆಲವು ತಿಂಗಳಲ್ಲಿಯೇ ಆ ತೀರ್ಪಿಗೆ ತಡೆ ಬಿದ್ದಿತು. ದೇವರ ವಿಗ್ರಹವು ನ್ಯಾಯಸ್ಥಾನದಲ್ಲಿ ಆಸ್ತಿಯ ಒಡೆತನಕ್ಕಾಗಿ ವ್ಯಾಜ್ಯ ಹೂಡುವ ದೇಶದಲ್ಲಿ ಹರಿಯುವ ದೇವಿಗೆ ಆ ಭಾಗ್ಯ ತಪ್ಪಿದುದು ನಗೆಗೂ ಚಿಂತೆಗೂ ವಿಷಯವೇ. ಅಮೆರಿಕದಲ್ಲಿ ಎಲ್ವಾ ಎಂಬ ಹೊಳೆಗೆ ಅಡ್ಡವಾಗಿದ್ದ ಎರಡು ಹಳೆಯ ಅಣೆಕಟ್ಟುಗಳನ್ನು 2011ರಿಂದ 2014ರ ವರೆಗೆ ಕಿತ್ತುಹಾಕಿದರು. ನೂರು ವರ್ಷ ತಡೆದಿದ್ದ ಮೀನುಗಳು ಮತ್ತೆ ಮೇಲಕ್ಕೆ ಹತ್ತಿದುವು. ಲಕ್ಷಾಂತರ ಜನರ ಅನ್ನವನ್ನು ಹೊತ್ತ ಕಟ್ಟೆಗಳಿಗೆ ಆ ಉದಾಹರಣೆ ಹೊಂದದು. ಹೊಂದುವುದು ಅದರ ಹಿಂದಿರುವ ಒಂದು ತಿಳಿವಳಿಕೆ ಮಾತ್ರ: ಅವಕಾಶವಿತ್ತರೆ ನದಿಯು ತನ್ನ ಕೆಲಸದ ಬಹುಭಾಗವನ್ನು ತಾನೇ ಮಾಡಿಕೊಳ್ಳುವುದು.

ಅವಕಾಶ ಕೊಡುವುದೆಂದರೆ ಇಲ್ಲಿ ಎಲ್ಲವೂ ಮಹಾಕಾರ್ಯವೇ ಆಗಬೇಕೆಂದಿಲ್ಲ. ದಡದ ಹೊಳೆಮತ್ತಿ, ಹೊಂಗೆ, ಅತ್ತಿ, ನೇರಳೆಗಳನ್ನು ಕಡಿಯದೆ ಬಿಡುವುದು, ಸಾಗುವಳಿಯನ್ನು ನೀರಿನಂಚಿನಿಂದ ಕೆಲವು ಮಾರು ಹಿಂದಕ್ಕೆ ಸರಿಸುವುದು, ಕಾಡಿನಿಂದ ಇಳಿಯುವ ಸಣ್ಣ ಹಳ್ಳಗಳನ್ನು ನೆಟ್ಟಗೆ ತೋಡದೆ ಅವುಗಳ ವಕ್ರಗತಿಯಲ್ಲಿಯೇ ಇರಗೊಡುವುದು. ಸರ್ಪದಂತೆ ಬಳುಕುವ ಒಂದು ಹೊಳೆಯಿಂದಲೇ ನಾಗರಹೊಳೆಯ ಮಹಾರಣ್ಯಕ್ಕೆ ಹೆಸರು ಬಂದುದಲ್ಲವೆ? ನೆಟ್ಟಗೆ ತೋಡಿದ್ದರೆ ಆ ಹೆಸರಿಗೂ ಅರ್ಥವಿರುತ್ತಿರಲಿಲ್ಲ. ಹುಣಸೂರಿನ ನಡುವೆ ಹಾಯುವ ಲಕ್ಷ್ಮಣತೀರ್ಥದಲ್ಲಿ ಮಾತ್ರ ಬಿಡುವುದಕ್ಕಿಂತ ತಡೆಯುವುದು ಮುಖ್ಯ. ಬೇಸಗೆಯಲ್ಲಿ ಅದರ ಪಾಲಿಗೆ ಬರುವುದು ಪಟ್ಟಣದ ಕೊಳಚೆ. ಇದೇ ಕಾವೇರಿಯ ಮೇಲುದಂಡೆಯ ರಾಮನಾಥಪುರದಲ್ಲಿ ಸ್ನಾನಘಟ್ಟದ ಮೀನುಗಳನ್ನು ಜನರು ಹಿಡಿಯುವುದಿಲ್ಲ, ಪುರಿಯನ್ನು ಹಾಕಿ ಸಾಕುವರು. ಯಾವ ಸಂಶೋಧನೆಯೂ ಇಲ್ಲದ ಕಾಲದಲ್ಲಿ, ಹೊಳೆಯ ಒಂದು ಮಡುವನ್ನಾದರೂ ಹೊಳೆಗೇ ಬಿಟ್ಟುಬಿಡಬೇಕೆಂದು ತಿಳಿದವರು ಈ ಸೀಮೆಯ ಸಾಮಾನ್ಯರೇ.

ನ್ಯಾಯಾಧಿಕರಣವು 2007ರಲ್ಲಿ ಗೊತ್ತುಮಾಡಿದ ತಿಂಗಳುವಾರು ಕೋಷ್ಟಕದಲ್ಲಿ ಫೆಬ್ರವರಿಯಿಂದ ಮೇ ತಿಂಗಳ ವರೆಗೆ ತಿಂಗಳೊಂದಕ್ಕೆ ಎರಡೂವರೆ ಟಿ.ಎಂ.ಸಿ. ಎಂದು ಬರೆದಿದೆ, ಸೆಕೆಂಡಿಗೆ ಸುಮಾರು 960 ಘನ ಅಡಿಯಷ್ಟಾಗುವುದು. ಆದರೆ ಅದನ್ನು ಅಳೆಯುವುದು ರಾಜ್ಯದ ಗಡಿಯ ಬಿಳಿಗುಂಡ್ಲುವಿನಲ್ಲಿ. ಬೀಚನಹಳ್ಳಿಯಿಂದ ತಿರುಮಕೂಡಲಿನ ವರೆಗಣ ಕಪಿಲೆಗೆಂದು ಆ ಕೋಷ್ಟಕದಲ್ಲಿ ಬೇರೆಯಾಗಿ ಒಂದು ಸಾಲಿಲ್ಲ. ತಾರಕಕ್ಕೂ ನುಗುವಿಗೂ ಇಲ್ಲವೇ ಇಲ್ಲ. ಈಗ ಅವುಗಳಲ್ಲಿ ಹರಿಯುವುದು ಪಟ್ಟಣಕ್ಕೆಂದೋ ಗದ್ದೆಗೆಂದೋ ನೆರೆರಾಜ್ಯಕ್ಕೆಂದೋ ಬಿಟ್ಟ ನೀರು. ತಾನು ಹರಿಯುವ ಹಾಸಿಗೆಗೆ ಅದು ದಾರಿಹೋಕ.

ವೃತ್ತಪತ್ರಿಕೆಗಳಲ್ಲಿ ಮಳೆಗಾಲದುದ್ದಕ್ಕೂ ಜಲಾಶಯಗಳ ಮಟ್ಟ, ಒಳಹರಿವು, ಹೊರಹರಿವುಗಳ ಪಟ್ಟಿಯು ಪ್ರತಿದಿನ ಅಚ್ಚಾಗುವುದು. ಕಾಫಿಯನ್ನು ಕುಡಿಯುತ್ತ ಎಲ್ಲಕ್ಕೂ ಮೊದಲು ಅದನ್ನು ನೋಡುವ ಮನೆಗಳು ಮೈಸೂರು ಸೀಮೆಯಲ್ಲಿ ಸಾವಿರಾರು. ಆ ಪಟ್ಟಿಯಲ್ಲಿ, ಕಾಲುವೆಗೆ ಇಷ್ಟು, ನಗರಕ್ಕೆ ಇಷ್ಟು ಎಂಬುದರ ಪಕ್ಕದಲ್ಲಿ ‘ನದಿಗೆ’ ಎಂದು ಇನ್ನೊಂದು ಕಂಬಸಾಲನ್ನು ಸೇರಿಸುವುದಕ್ಕೆ ಹಣವೇನೂ ಬೇಡ. ಮೊದಲ ಕೆಲವು ವರ್ಷ ಅದರಲ್ಲಿ ಸೊನ್ನೆಗಳೇ ಹೆಚ್ಚಾಗಿರಬಹುದು. ಬರೆದ ಸೊನ್ನೆಯನ್ನು ತೋರಿಸಿ ಇದೇಕೆಂದು ಕೇಳಬಹುದು. ಬರೆಯದೆ ಇದ್ದುದನ್ನು ಕುರಿತು ಕೇಳುವುದಕ್ಕೆ ಮಾರ್ಗವಿಲ್ಲ. ಕಟ್ಟೆ ತುಂಬಿದ ಸುದ್ದಿಯೊಡನೆ ಮುಗಿದುಹೋಗುವ ಆ ಪಟ್ಟಿಯನ್ನು ಮಾರ್ಚಿ ಏಪ್ರಿಲ್ ತಿಂಗಳುಗಳಲ್ಲಿಯೂ ತಪ್ಪದೆ ಅಚ್ಚುಮಾಡುವುದಾದರೆ, ಹಿನ್ನೀರಿನ ಹುಲ್ಲಿಗೆ ಆನೆಗಳು ಇಳಿಯುವ ಆ ದಿನಗಳಲ್ಲಿ, ಕಟ್ಟೆಯ ಕೆಳಗಣ ಹೊಳೆಯು ಹೇಗಿದೆಯೆಂಬುದೂ ಮನೆಯಲ್ಲಿ ಕುಳಿತವರಿಗೆ ತಿಳಿಯುವುದು.